ನಸೀಬದ ಲೆಕ್ಕ

(ಅಣ್ಣಿಗೇರಿಯಲ್ಲಿ ಹತ್ತಿ ಗಿರಣಿಯ ಕಾರ್ಮಿಕರೂ ಪೇಟೆಯ ಚಿಕ್ಕ ವ್ಯಾಪಾರಸ್ಥರೂ ಕೂಡಿದ ಸಭೆಯಲ್ಲಿ ನಮ್ಮ ಸಂಘಟಕರೊಬ್ಬರು ಮಾಡಿದ ಭಾಷಣ)



ಈ ಸಭೆಗೆ ಬರುವ ದಾರಿಯಲ್ಲಿ ಒಂದೇ ಮಾತನ್ನು ನಾನು ಮೂರು ಸಲ ಕೇಳಿದೆ. ಬಸ್ಸು ತಪ್ಪಿಸಿಕೊಂಡವನೊಬ್ಬ ‘ನಸೀಬ ಖೊಟ್ಟಿ’ ಎಂದ. ಹತ್ತಿಯ ಧಾರಣೆ ಇಳಿದ ಸುದ್ದಿ ಕೇಳಿದ ರೈತನೊಬ್ಬ ‘ನಮ್ಮ ನಸೀಬದಾಗ ಇಲ್ಲ ಬಿಡ್ರಿ’ ಎಂದ. ಪಾನಪಟ್ಟಿ ಅಂಗಡಿಯ ಮಗ್ಗುಲಿಗೆ ನಿಂತ ತರುಣನೊಬ್ಬ ಫೋನು ನೋಡಿ ‘ಒಂದ ನಂಬರಿನಾಗ ನಸೀಬ ತಪ್ಪಿತು’ ಎಂದು ಹಣೆ ಬಡಿದುಕೊಂಡ. ಮಾತು ಒಂದೇ, ಸಂಗತಿಗಳು ಮಾತ್ರ ಮೂರು. ಮೊದಲನೆಯವನು ಮನೆಯಿಂದ ತಡವಾಗಿ ಹೊರಟಿದ್ದ. ಎರಡನೆಯವನ ಧಾರಣೆಯನ್ನು ಎಲ್ಲಿಯೋ ಯಾರೋ ಇಳಿಸಿದ್ದರು. ಮೂರನೆಯವನು ಸೋಲಲೆಂದೇ ಹೂಡಿದ ಆಟದಲ್ಲಿ ಸೋತಿದ್ದ. ಈ ಮೂರಕ್ಕೂ ಒಂದೇ ಹೆಸರಿಟ್ಟು ಕುಳಿತರೆ ಯಾವುದಕ್ಕೂ ಮದ್ದು ಸಿಗದು. ಇಂದು ಈ ವಿಚಾರವನ್ನೇ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಪರರಿಗೆ ಬುದ್ಧಿ ಹೇಳುವ ಮೊದಲು ನನ್ನ ಕಥೆ ಹೇಳುವುದು ಧರ್ಮ. ನಾನು ಮೊದಲು ಶಾಲೆಯ ಮಾಸ್ತರನಾಗಿದ್ದೆನೆಂಬುದು ನಿಮಗೆ ಗೊತ್ತು. ಮಕ್ಕಳಿಗೆ ಅಂಕಗಣಿತ ಕಲಿಸುತ್ತಿದ್ದ ಈ ಮಾಸ್ತರನು ಹದಿನಾಲ್ಕು ತಿಂಗಳು ಓಸಿ ಆಡಿದ! 200 ಪುಟದ ಒಂದು ವಹಿಯಲ್ಲಿ ದಿನವೂ ಬಂದ ನಂಬರುಗಳನ್ನು ಬರೆಯುತ್ತಿದ್ದೆ. ಯಾವುದು ಎಷ್ಟು ದಿನದಿಂದ ಬಂದಿಲ್ಲ, ಯಾವುದರ ಬೆನ್ನಿಗೆ ಯಾವುದು ಬರುತ್ತದೆ ಎಂದು ಕೆಂಪು ಮಸಿಯಿಂದ ಗೆರೆ ಎಳೆಯುತ್ತಿದ್ದೆ. ನಾನು ಜೂಜುಗಾರನಲ್ಲ, ಲೆಕ್ಕ ಬಲ್ಲವನು ಎಂಬ ಗರ್ವ. ಒಂದು ರಾತ್ರಿ ಮನೆಯಾಕೆ ಆ ವಹಿಯನ್ನು ತಿರುವಿ ನೋಡಿದಳು. ಸಿಟ್ಟಾಗಲಿಲ್ಲ. “ಏನ್ರೀ, ಬಂದ ನಂಬರ ಎಲ್ಲಾ ಬರದೀರಿ. ಹೋದ ರೊಕ್ಕ ಎಲ್ಲಿ ಬರದೀರಿ?” ಎಂದು ಮಾತ್ರ ಕೇಳಿದಳು.

ಹೋದ ರೊಕ್ಕ ನಾನು ಎಲ್ಲಿಯೂ ಬರೆದಿರಲಿಲ್ಲ. ಅಂದು ರಾತ್ರಿ ನೆನಪಿದ್ದಷ್ಟನ್ನು ಇಬ್ಬರೂ ಕೂಡಿ ಬರೆದೆವು. ಗೆದ್ದದ್ದನ್ನು ಕಳೆದು 11,600 ರೂಪಾಯಿ ಹೋಗಿತ್ತು. ಅವಳ ಬೋರಮಾಳ ಒತ್ತೆ ಬಿದ್ದಿತ್ತು, ಅದು ಅವಳಿಗೆ ಗೊತ್ತಾದದ್ದೂ ಅಂದೇ. ಸಾವಿರ ಸಲ ಕೂಡಿಸುವ ಕಳೆಯುವ ಲೆಕ್ಕ ಕಲಿಸಿದವನಿಗೆ ತನ್ನ ಮನೆಯ ಕಳೆಯುವ ಲೆಕ್ಕ ಕಾಣದೆ ಹೋದದ್ದು ಹೇಗೆ? ಬುದ್ಧಿ ಇಲ್ಲದ್ದಕ್ಕಲ್ಲ. ಮನುಷ್ಯನ ಮನಸ್ಸು ಆಕಸ್ಮಿಕವನ್ನು ನೋಡುವ ರೀತಿಯೇ ಹಾಗಿದೆ.

ಈಗ ಇಲ್ಲಿಯೇ ಒಂದು ಪ್ರಯೋಗ ಮಾಡೋಣ. 20 ಸಲ ನಾಣ್ಯ ಚಿಮ್ಮಿದರೆ ಸಿಂಹದ ಮುಖ, ಅಂಕಿಯ ಮುಖ ಯಾವ ಕ್ರಮದಲ್ಲಿ ಬಿದ್ದೀತೆಂದು ಎಲ್ಲರೂ ಮನಸ್ಸಿನಲ್ಲಿಯೇ ಊಹಿಸಿರಿ. ಬಹುಮಂದಿ ಒಂದಾದ ಮೇಲೆ ಒಂದು, ಹೆಚ್ಚೆಂದರೆ ಎರಡು ಮೂರು ಸಲ ಒಂದೇ ಮುಖ ಎಂದು ಊಹಿಸಿರುತ್ತೀರಿ. ಈಗ ಈ ಹುಡುಗನು ಚಿಮ್ಮಲಿ.

(ಇಲ್ಲಿ 20 ಸಲ ನಾಣ್ಯ ಚಿಮ್ಮಲಾಯಿತು. ನಡುವೆ ಐದು ಸಲ ಸಾಲಾಗಿ ಅಂಕಿಯ ಮುಖವೇ ಬಿದ್ದಿತು. ಸಭೆಯಲ್ಲಿ ನಗು.)

ನಕ್ಕಿರೇಕೆ? ನಾಣ್ಯಕ್ಕೆ ಮಾಟ ಮಾಡಿಲ್ಲ. 20 ಸಲ ಚಿಮ್ಮಿದರೆ ನಾಲ್ಕು ಅಥವಾ ಅದಕ್ಕೂ ಹೆಚ್ಚು ಸಲ ಸಾಲಾಗಿ ಒಂದೇ ಮುಖ ಬೀಳುವ ಸಂಭವ ನಾಲ್ಕರಲ್ಲಿ ಮೂರು ಪಾಲು. ನಾಲ್ಕನೆಯ ಸಲ ಬಿದ್ದಾಗ ‘ಇನ್ನು ಸಿಂಹ ಬರಲೇಬೇಕು’ ಎಂದು ಹಿಂದಿನ ಸಾಲಿನಲ್ಲಿ ಒಬ್ಬರು ಕೂಗಿದರು. ಏಕೆ ಬರಲೇಬೇಕು? ಹಿಂದೆ ಏನು ಬಿದ್ದಿತ್ತೆಂಬ ನೆನಪು ನಾಣ್ಯಕ್ಕಿಲ್ಲ. ನೆನಪು ಇರುವುದು ನಮಗೆ. 1913ರ ಆಗಸ್ಟ್ 18ರಂದು ಯುರೋಪಿನ ಮಾಂಟೆ ಕಾರ್ಲೊ ಎಂಬ ಶ್ರೀಮಂತರ ಜೂಜಿನ ಮನೆಯಲ್ಲಿ ತಿರುಗುವ ಚಕ್ರದ ಗುಂಡು 26 ಸಲ ಸಾಲಾಗಿ ಕಪ್ಪು ಮನೆಯಲ್ಲಿಯೇ ಬಿದ್ದಿತು. ಇನ್ನು ಕೆಂಪು ಬರಲೇಬೇಕೆಂದು ಸುರಿದವರೆಲ್ಲ ಬರಿಗೈಯಾದರು. ಸೂಟು ಬೂಟಿನವರ ಮನಸ್ಸೂ ನಮ್ಮ ಮನಸ್ಸೂ ಈ ವಿಷಯದಲ್ಲಿ ಒಂದೇ.

ಓಸಿಯಲ್ಲಿಯೂ ಇದೇ ಮೋಸ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳು. ‘ಏಳು ಹತ್ತು ಸಲದಿಂದ ಬಂದಿಲ್ಲ, ಇಂದು ಬರುತ್ತದೆ’ ಎನ್ನುತ್ತೇವೆ. ಒಂದು ಅಂಕಿ ಹತ್ತು ಸಲ ಬಾರದೆ ಇರುವುದು ಮೂರರಲ್ಲೊಂದು ಸಂಭವ, 20 ಸಲ ಬಾರದೆ ಇರುವುದು ಎಂಟರಲ್ಲೊಂದು ಸಂಭವ. ಅದರಲ್ಲಿ ವಿಶೇಷವೇನೂ ಇಲ್ಲ. ಹನ್ನೊಂದನೆಯ ದಿನವೂ ಆ ಏಳಕ್ಕೆ ಇರುವುದು ಹತ್ತರಲ್ಲಿ ಒಂದೇ ಪಾಲು. ನನ್ನ ಕೆಂಪು ಗೆರೆಗಳೆಲ್ಲ ನೀರಿನ ಮೇಲಿನ ಗೆರೆಗಳು.

ಮನಸ್ಸಿನ ಎರಡನೆಯ ಚಾಳಿ, ಗೆಲುವನ್ನು ಮಾತ್ರ ನೋಡುವುದು. ಗೆದ್ದವನು ಓಣಿಗೆಲ್ಲ ಪೇಢೆ ಹಂಚುತ್ತಾನೆ. ಸೋತವನು ಹಿತ್ತಿಲ ದಾರಿಯಿಂದ ಮನೆ ಸೇರುತ್ತಾನೆ. ಪೇಢೆ ತಿಂದವರು ಹತ್ತು ಊರಿಗೆ ಹೇಳುತ್ತಾರೆ. ಹೀಗಾಗಿ ನಮ್ಮ ಕಿವಿಗೆ ಬೀಳುವುದೆಲ್ಲ ಗೆದ್ದವರ ಸುದ್ದಿಯೇ.

ಮೂರನೆಯದು, ನನ್ನ ಕೈಯಿಂದ ಆರಿಸಿದ ನಂಬರು ನನ್ನ ಮಾತು ಕೇಳುತ್ತದೆಂಬ ಭ್ರಮೆ. ಎಲೆನ್ ಲ್ಯಾಂಗರ್ ಎಂಬ ಅಮೇರಿಕದ ಮನಃಶಾಸ್ತ್ರಜ್ಞೆ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಕೇಳಿರಿ. ಒಂದು ಡಾಲರಿನ ಲಾಟರಿ ಚೀಟಿಗಳನ್ನು ಕೆಲವರಿಗೆ ಆರಿಸಿಕೊಳ್ಳಲು ಬಿಟ್ಟರು, ಕೆಲವರಿಗೆ ಸುಮ್ಮನೆ ಕೈಗೆ ಕೊಟ್ಟರು. ಬಳಿಕ ‘ನಿಮ್ಮ ಚೀಟಿಯನ್ನು ಎಷ್ಟಕ್ಕೆ ಮಾರುತ್ತೀರಿ?’ ಎಂದು ಕೇಳಿದರು. ಕೈಗೆ ಕೊಟ್ಟವರು ಸರಾಸರಿ ಎರಡು ಡಾಲರಿಗೂ ಕಡಿಮೆ ಹೇಳಿದರು, ತಾವೇ ಆರಿಸಿದವರು ಎಂಟೂವರೆ ಡಾಲರಿಗೂ ಹೆಚ್ಚು ಕೇಳಿದರು. ಚೀಟಿಗಳ ಯೋಗ್ಯತೆ ಒಂದೇ ಇತ್ತು. ಕನಸಿನಲ್ಲಿ ಹಾವು ಕಂಡರೆ ಇಂಥ ನಂಬರು, ಮೋಟಾರು ಗಾಡಿಯ ನಂಬರು ಕೂಡಿಸಿದರೆ ಇಂಥ ನಂಬರು ಎಂದು ನಾವು ಆರಿಸುವುದೂ ಇದೇ ಜಾತಿಯದು.

ನಾಲ್ಕನೆಯದು, ‘ಒಂದು ನಂಬರಿನಿಂದ ತಪ್ಪಿತು’ ಎಂಬ ಹಳಹಳಿ. ನಾನು ಆರು ಹಚ್ಚಿದ್ದೆ, ಏಳು ಬಂತು, ಸಮೀಪ ಬಂದೆ ಎನ್ನುತ್ತೇವೆ. ಕಲ್ಲು ಒಗೆಯುವವನ ಗುರಿ ಒಂದು ಗೇಣು ತಪ್ಪಿದರೆ ಸಮೀಪ ಬಂದ ಎನ್ನಬಹುದು, ನಾಳೆ ಅವನ ಕೈ ಪಳಗೀತು. ಪಂಚಮಿಯಲ್ಲಿ ನಿಂಬೆಹಣ್ಣು ಒಗೆಯುವ ಪಂತದಲ್ಲಿ ತೋಳಿನ ಬಲಕ್ಕೆ ಬೆಲೆಯುಂಟು. ಎತ್ತಿದ ಚೀಟಿಯಲ್ಲಿ ಆರಕ್ಕೂ ಏಳಕ್ಕೂ ನೆರೆಹೊರೆಯಿಲ್ಲ.

ಐದನೆಯದು ಎಲ್ಲಕ್ಕಿಂತ ಕೆಟ್ಟದ್ದು, ಹೋದುದನ್ನು ಮರಳಿ ತರುವ ಹಟ. ಇದಕ್ಕೆ ಅಮೇರಿಕಕ್ಕೆ ಹೋಗಬೇಕಾಗಿಲ್ಲ. ಧರ್ಮರಾಯನು ರಾಜ್ಯ ಸೋತ ಮೇಲೆ ಎದ್ದು ಹೋಗಿದ್ದರೆ ತಮ್ಮಂದಿರು ಉಳಿಯುತ್ತಿದ್ದರು. ತಮ್ಮಂದಿರನ್ನು ಸೋತ ಮೇಲಾದರೂ ಎದ್ದಿದ್ದರೆ ದ್ರೌಪದಿ ಉಳಿಯುತ್ತಿದ್ದಳು. ಅವನಷ್ಟು ವಿವೇಕಿಯನ್ನೇ ಆಟದ ಹಲಗೆ ಹಿಡಿದು ಕೂಡಿಸಿತು. ಎದುರಿಗೆ ಕುಳಿತ ಶಕುನಿಯಾದರೋ ನಸೀಬವನ್ನು ನಂಬಿ ಕುಳಿತಿರಲಿಲ್ಲ.

ನಮ್ಮ ಕಾಲದ ಶಕುನಿಯೂ ನಸೀಬವನ್ನು ನಂಬುವುದಿಲ್ಲ. ಅವನ ಲೆಕ್ಕ ನೋಡಿರಿ. ಹತ್ತು ಜನ ಹತ್ತು ಅಂಕಿಗಳಿಗೆ ಹತ್ತು ಹತ್ತು ರೂಪಾಯಿ ಹಚ್ಚಿದರೆ ಪೆಟ್ಟಿಗೆಗೆ ಬಂದದ್ದು 100. ಒಂದಕ್ಕೆ ಒಂಬತ್ತರಂತೆ ಗೆದ್ದವನಿಗೆ ಹೋದದ್ದು 90. ಹತ್ತು ಅವನ ಮನೆಯಲ್ಲಿ ಉಳಿಯಿತು. ಜೋಡಿ ನಂಬರಿಗೆ ನೂರರಲ್ಲೊಂದು ಸಂಭವ, ಕೊಡುವುದು ಒಂದಕ್ಕೆ 80ರಿಂದ 90. ಆ ಗೆದ್ದ 90 ಕೂಡ ಮನೆಗೆ ಬರುವುದಿಲ್ಲ, ಮರುದಿನ ಮತ್ತೆ ಆಟಕ್ಕೆ ಬರುತ್ತದೆ. 90 ಇದ್ದದ್ದು 81 ಆಗುತ್ತದೆ, 81 ಇದ್ದದ್ದು 73 ಆಗುತ್ತದೆ. ಏಳು ಸುತ್ತು ತಿರುಗುವಷ್ಟರಲ್ಲಿ ಓಣಿಯ 100 ರೂಪಾಯಿ 48ಕ್ಕೆ ಇಳಿದಿರುತ್ತದೆ. ಇದು ಆಟ ಪ್ರಾಮಾಣಿಕವಾಗಿ ನಡೆದರೆ ಆಗುವ ಮಾತು. ಯಾವ ಅಂಕಿಗೆ ಎಷ್ಟು ಬಿದ್ದಿದೆಯೆಂದು ತಿಳಿದವನೇ ಚೀಟಿ ಎತ್ತುವವನಾದರೆ ಉಳಿದುದನ್ನು ನೀವೇ ಊಹಿಸಿರಿ.

ಈ ಆಟ ನಮ್ಮೂರಿಗೆ ಬಂದ ದಾರಿಯನ್ನು ಹತ್ತಿಯ ನಾಡಿನವರಾದ ನಾವು ಅರಿಯಲೇಬೇಕು. ‘ಓಸಿ’ ಎಂದರೆ ಓಪನ್, ಕ್ಲೋಜ್. ಯಾವುದರ ಓಪನ್? ಹತ್ತಿಯದು! ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ಧಾರಣೆ ತಂತಿಯ ಮೂಲಕ ಮುಂಬಯಿಗೆ ಬರುತ್ತಿತ್ತು. ಆ ಧಾರಣೆಯ ಅಂಕಿಗಳ ಮೇಲೆ ಜನ ಪಂತ ಕಟ್ಟುತ್ತಿದ್ದರು. 1961ರ ಸುಮಾರಿಗೆ ಆ ಧಾರಣೆ ಬರುವುದು ನಿಂತಿತು. ಆಟ ನಡೆಸುವವರು ಮಾತ್ರ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣಜಿ ಭಗತನು ವರಳಿಯಲ್ಲಿಯೂ, 1964ರಲ್ಲಿ ರತನ ಖತ್ರಿಯೂ ತಮ್ಮ ಆಟ ಹೂಡಿದರು. ಮಟಕಾ ಎಂದರೆ ಮಡಕೆ. ಹತ್ತಿ ಹೋಯಿತು, ಮಡಕೆ ಉಳಿಯಿತು. ಮುಂಬಯಿಯ ಗಿರಣಿ ಕಾರ್ಮಿಕರ ಪಗಾರದ ಮೇಲೆ ಬೆಳೆದು ಆ ಆಟ ಇಲ್ಲಿಯವರೆಗೆ ಹಬ್ಬಿತು.

ಇನ್ನೂ ಹಿಂದೆ ಹೋಗೋಣ. 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಹತ್ತಿತು. ಅಲ್ಲಿಯ ದಕ್ಷಿಣದ ಬಂದರುಗಳು ಮುಚ್ಚಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ನಮ್ಮ ಎರೆ ಭೂಮಿಯ ಹತ್ತಿಗೆ ಕಂಡು ಕೇಳರಿಯದ ಬೆಲೆ ಬಂತು. ‘ಲಕ್ಷ್ಮಿ ಒಲಿದಳು’ ಎಂದು ನಮ್ಮ ಹಿರಿಯರು ಹಿಗ್ಗಿರಬೇಕು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಕುಸಿಯಿತು, ಮುಂಬಯಿಯಲ್ಲಿ ಶೇರುಗಳ ಹುಚ್ಚಿಗೆ ಬಿದ್ದ ಸಾಹುಕಾರರು ದಿವಾಳಿಯಾದರು. ‘ನಸೀಬ ಕೈಕೊಟ್ಟಿತು’ ಎಂದು ಅವರೇ ಅತ್ತಿರಬೇಕು. ಬಂದದ್ದಕ್ಕೂ ಹೋದದ್ದಕ್ಕೂ ಕಾರಣವಿತ್ತು. ಅದು ಏಳು ಸಮುದ್ರದ ಆಚೆ ಇದ್ದುದರಿಂದ ಎರೆ ಹೊಲದಲ್ಲಿ ನಿಂತವನಿಗೆ ಕಾಣಲಿಲ್ಲ, ಅಷ್ಟೇ.

ಹಾಗಾದರೆ ಆಕಸ್ಮಿಕವೆಂಬುದೇ ಇಲ್ಲವೇ? ಇದೆ. ಕುಂದಗೋಳದಲ್ಲಿ ಮಳೆಯಾಗಿ ನವಲಗುಂದದಲ್ಲಿ ಹನಿ ಬೀಳದ ವರ್ಷಗಳಿವೆ. ಅದು ರೈತನ ತಪ್ಪಲ್ಲ. ಆದರೆ ಮಳೆ ಹೋದಾಗ ಆ ಹಾನಿಯನ್ನು ಒಬ್ಬನೇ ಹೊರಬೇಕೋ, ಎಲ್ಲರೂ ಹಂಚಿಕೊಳ್ಳಬೇಕೋ ಎಂಬುದು ಆಕಸ್ಮಿಕವಲ್ಲ, ಅದು ನಾವು ಮಾಡಿಕೊಂಡ ಏರ್ಪಾಡು. ಕಾಲುವೆಯ ನೀರು ಮುಟ್ಟದ ಹೊಲಕ್ಕೂ ಕರ ಕಟ್ಟಿರೆಂದಾಗ 1980ರಲ್ಲಿ ನವಲಗುಂದ, ನರಗುಂದದ ರೈತರು ‘ಹಣೆಬರಹ’ ಎಂದು ಕೂಡಲಿಲ್ಲ. ಎದ್ದು ನಿಂತರು, ಗುಂಡಿಗೆ ಎದೆಯೊಡ್ಡಿದರು.

“ರೀ ಮಾಸ್ತರ, ದುಡದದ್ದು ಹೊಟ್ಟಿಗೇ ಸಾಲಂಗಿಲ್ಲ. ಇದರಾಗರ ಒಮ್ಮೆ ಬಂದೀತು ಅನ್ನೋ ಆಸೆ ಬ್ಯಾಡೇನ್ರೀ?” ಎಂದು ಹಮಾಲ ಬಂಧುವೊಬ್ಬರು ನನ್ನನ್ನು ಕೇಳಿದ್ದರು. ಆ ಪ್ರಶ್ನೆಗೆ ನಾನು ನಗಲಾರೆ. ದಿನಗೂಲಿಯವನಿಗೆ ಒಮ್ಮೆಲೆ ಹತ್ತು ಸಾವಿರ ಕೈಗೆ ಸಿಗುವ ಬೇರೆ ದಾರಿ ಕಾಣದು. ಮಗಳ ಮದುವೆ, ಮನೆಯ ಮಾಳಿಗೆ, ಆಸ್ಪತ್ರೆಯ ಖರ್ಚು ಮಾತ್ರ ಒಮ್ಮೆಲೆ ಬರುತ್ತವೆ. ಹತ್ತು ರೂಪಾಯಿಗೆ ಒಂದು ರಾತ್ರಿಯ ಕನಸು ಸಿಗುತ್ತದೆ. ಕನಸು ಮಾರುವವನಿಗೆ ಇದು ಚೆನ್ನಾಗಿ ಗೊತ್ತು. ಕಾಯ್ದೆಗಳಿವೆ. 1963ರ ಪೋಲೀಸ ಕಾಯ್ದೆಯಿದೆ, 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಂತಿತು, 2025ರ ಆಗಸ್ಟಿನಲ್ಲಿ ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು ನಿಷೇಧಿಸಿತು. ಕಾಯ್ದೆ ಬೇಕು. ಆದರೆ ಆ ಹತ್ತು ಸಾವಿರದ ಗರಜು ಕಾಯ್ದೆಯಿಂದ ತೀರುವುದಿಲ್ಲ.

ಅದಕ್ಕೆ ನಮ್ಮ ತಾಯಂದಿರು ಎಂದೋ ದಾರಿ ತೋರಿಸಿದ್ದಾರೆ. ಭೀಶಿ! ಹತ್ತು ಜನ ತಿಂಗಳಿಗೆ ಸಾವಿರ ಹಾಕಿ ಚೀಟಿ ಎತ್ತುತ್ತಾರೆ. ಯಾರ ಹೆಸರು ಬಂತೋ ಅವರಿಗೆ ಆ ತಿಂಗಳ ಹತ್ತು ಸಾವಿರ. ಇಲ್ಲಿಯೂ ಚೀಟಿಯಿದೆ, ನಸೀಬವಿದೆ. ಆದರೆ ನಸೀಬದ ಕೆಲಸ ಮೊದಲು ಯಾರು, ಆಮೇಲೆ ಯಾರು ಎಂದು ಹೇಳುವುದಷ್ಟೇ. ಹತ್ತು ತಿಂಗಳಲ್ಲಿ ಹತ್ತೂ ಜನರಿಗೆ ಹತ್ತು ಹತ್ತು ಸಾವಿರ ಮುಟ್ಟುತ್ತದೆ. ಮಡಕೆಯ ಚೀಟಿಯಲ್ಲಿ ಒಬ್ಬ ಗೆದ್ದು ಒಂಬತ್ತು ಜನ ಸೋಲುತ್ತಾರೆ. ಭೀಶಿಯ ಚೀಟಿಯಲ್ಲಿ ಸೋತವರಿಲ್ಲ.

ಇದನ್ನೇ ದೊಡ್ಡದು ಮಾಡಿದರೆ ಸಹಕಾರಿ ಸಂಘವಾಗುತ್ತದೆ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದರು. ನಮ್ಮ ನಾಡಿನ ಸಹಕಾರಿ ಚಳವಳಿ ಹುಟ್ಟಿದ್ದು ಇದೇ ಸೀಮೆಯಲ್ಲಿ. ಮಳೆ ಹೋದ ವರ್ಷ ಸಾಹುಕಾರನ ಬಾಗಿಲು ಬಡಿಯದಂತೆ ಮಾಡುವ ಉಪಾಯ ಅದು.

ಕೊನೆಗೆ ಎರಡು ಬೇಡಿಕೆಗಳು. ಅಂಗಡಿಕಾರ ಮಿತ್ರರೆ, ನಿಮ್ಮ ಕಟ್ಟೆಯ ಮೇಲೆ ಚೀಟಿ ಬರೆಯಗೊಡಬೇಡಿರಿ. ನಿಮ್ಮ ಉದ್ರಿ ಮುಟ್ಟದೆ ಇರುವುದು ಆ ಚೀಟಿಯಿಂದಲೇ. ಕಾರ್ಮಿಕ ಬಂಧುಗಳೆ, ನಾಳೆಯೇ ಆಟ ಬಿಡಿರೆಂದು ಆಣೆ ಹಾಕಿಸುವುದಿಲ್ಲ. ಒಂದು ವಹಿ ಇಡಿರಿ. ಬಂದದ್ದನ್ನು ಒಂದು ಕಡೆ, ಹೋದದ್ದನ್ನು ಇನ್ನೊಂದು ಕಡೆ ಒಂದು ತಿಂಗಳು ಬರೆಯಿರಿ. ತಿಂಗಳು ತುಂಬಿದ ದಿನ ಆ ವಹಿಯನ್ನು ಮನೆಯಾಕೆಯ ಕೈಗೆ ಕೊಡಿರಿ. ಮುಂದಿನ ಭಾಷಣವನ್ನು ಅವರು ಮಾಡುತ್ತಾರೆ.

(ನಗು, ಚಪ್ಪಾಳೆ.)

ನಮ್ಮ ಮನೆಯ ಬೋರಮಾಳ ಬಿಡಿಸಿಕೊಂಡು ಬರಲು ನನಗೆ ಎರಡು ವರ್ಷ ಹಿಡಿಯಿತು. ಅದು ಬಂದದ್ದು ನಂಬರಿನಿಂದಲ್ಲ, ಓಣಿಯ ಭೀಶಿಯಿಂದ.