ಮಗು ತಪ್ಪಾಗಿ ಓದಿದಾಗ



ಓದು ಕಲಿಸುವುದು ಹೇಗೆಂದು ನಾಳಿನ ಮೇಷ್ಟರುಗಳಿಗೆ ಕಲಿಸುವುದು ನನ್ನ ಕಸುಬು. ಟಿಸಿಎಚ್ ಹೋಗಿ ಡಿ.ಇಡಿ. ಬಂತು, ಅದೂ ಹೋಗಿ ಡಿ.ಎಲ್.ಇಡಿ. ಬಂತು. ಕೋರ್ಸಿನ ಹೆಸರು ಬದಲಾದರೂ ಮೊದಲ ವಾರ ತರಗತಿಯಲ್ಲಿ ಕೇಳಿಬರುವ ಮಾತು ಬದಲಾಗಿಲ್ಲ: ‘ಕನ್ನಡ ಬರೆದ ಹಾಗೇ ಓದೋ ಭಾಷೆ ಅಲ್ವಾ ಸರ್? ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ ಬಾಯಿಪಾಠ ಮಾಡಿಸಿಬಿಟ್ಟರೆ ಮುಗೀತು.’

ಇದಕ್ಕೆ ನಾನು ಬಾಯಲ್ಲಿ ಉತ್ತರ ಕೊಡುವುದಿಲ್ಲ. ಒಂದು ಸರಳ ಕನ್ನಡ ವಾಕ್ಯವನ್ನು ಮಲಯಾಳಂ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಅಕ್ಷರಗಳ ಪಟ್ಟಿ ಹಾಕಿ, ಓದಿ ಅನ್ನುತ್ತೇನೆ. (ತೆಲುಗು ಲಿಪಿ ಬೇಡ, ನಮ್ಮವರಿಗೆ ಅದು ಅರ್ಧ ಗೊತ್ತಿದ್ದಂತೆಯೇ.) ಪದವಿ ಮುಗಿಸಿ ಬಂದವರೂ ಬೆರಳಿಟ್ಟು ತಡವರಿಸುತ್ತಾರೆ. ಮಲಯಾಳದಲ್ಲಿ ‘ಎ’ಕಾರದ ಚಿಹ್ನೆ ವ್ಯಂಜನಕ್ಕಿಂತ ಮೊದಲೇ ನಿಂತಿರುತ್ತದೆ, ಅಲ್ಲಿಗೆ ಬಂದು ಎಲ್ಲರೂ ಸಿಕ್ಕಿಬೀಳುತ್ತಾರೆ. ಕೊನೆಯ ಪದ ಮುಟ್ಟುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ. ವಾಕ್ಯ ಅವರದೇ ಮಾತಿನದು, ಆದರೂ ಅರ್ಥ ಕೈಗೆ ಸಿಗುವುದಿಲ್ಲ. ಆಮೇಲೆ ನಮ್ಮ ‘ಸೂರ್ಯ’ವನ್ನು ಅರ್ಕಾವೊತ್ತಿನಲ್ಲಿ ಬರೆದು ತೋರಿಸುತ್ತೇನೆ. ರಕಾರ ನಾಲಿಗೆಯಲ್ಲಿ ಮೊದಲು, ಕಾಗದದ ಮೇಲೆ ಆಮೇಲೆ. ಎರಡನೇ ತರಗತಿಯ ಮಗು ಇಲ್ಲಿ ನಿಂತುಬಿಡುವುದು ಯಾಕೆಂದು ಆಗ ಹೇಳಬೇಕಾಗಿಯೇ ಇಲ್ಲ.

ವರ್ಣಮಾಲೆಯ 49 ಅಕ್ಷರಗಳು ಬಾಗಿಲು ಮಾತ್ರ. ಕಾಗುಣಿತ ಸೇರಿದರೆ ನೂರಾರು ರೂಪಗಳು. ಗುಣಿತದ ಚಿಹ್ನೆ ಒಮ್ಮೆ ತಲೆಯ ಮೇಲೆ, ಒಮ್ಮೆ ಬಲಕ್ಕೆ. ಒತ್ತು ಕಾಲ ಕೆಳಗೆ. ಕನ್ನಡದ ಮಕ್ಕಳ ಆರಂಭಿಕ ಓದನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಅಕ್ಷರಜ್ಞಾನ ಕೂಡಿಕೊಳ್ಳುವ ಕೆಲಸ ಮೂರನೇ, ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ ಎಂದು ತೋರಿಸಿತು. ಇಂಗ್ಲಿಷಿನ 26 ಅಕ್ಷರಗಳ ಅಂದಾಜಿನಲ್ಲಿ ನಮ್ಮ ಮಕ್ಕಳಿಗೆ ಗಡುವು ಹಾಕುವವರು ಇದನ್ನು ಓದಬೇಕು.

ನಲಿ-ಕಲಿಯ ಮೇಲೆ ನನಗೆ ಗೌರವವಿದೆ. ರಿಷಿ ವ್ಯಾಲಿ ಶಾಲೆಯ ಪ್ರೇರಣೆಯಿಂದ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ ‘ಅ ಆ ಇ ಈ’ ಕ್ರಮವನ್ನೇ ಬಿಟ್ಟು ರ, ಗ, ಸ, ದ, ಅ ಎಂದು ಹೊರಟಿತು. ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ದಸರ, ಗರಗಸ ಎಲ್ಲವೂ ಸಿದ್ಧ. ಆದರೆ ಪದ ಸಿಕ್ಕ ಮಾತ್ರಕ್ಕೆ ಓದು ಸಿಕ್ಕಿತೆಂದು ಹೇಳಲಾಗದು. ಒಮ್ಮೆ ಅಭ್ಯಾಸ ಬೋಧನೆಗೆ ಹೋದ ನಮ್ಮ ವಿದ್ಯಾರ್ಥಿನಿಯೊಬ್ಬಳು ಕಾರ್ಡಿನಲ್ಲಿದ್ದ ‘ಗರಗಸ’ವನ್ನು ಸ್ಪಷ್ಟವಾಗಿ ಓದಿದ ಹುಡುಗಿಯನ್ನು, ‘ಹಂಗಂದ್ರ ಏನವ್ವಾ?’ ಎಂದು ಕೇಳಿದಳು. ‘ಅದು ಕಾರ್ಡಿನ್ಯಾಗಿನ ಶಬ್ದರೀ ಅಕ್ಕೋರ’ ಎಂದಿತು ಮಗು. ಆ ಹುಡುಗಿಯ ಅಪ್ಪ ಬಡಿಗ.

ಯಾದಗಿರಿ ಜಿಲ್ಲೆಯ ಕನ್ನಡ ಮಕ್ಕಳನ್ನೂ ಮಹಾರಾಷ್ಟ್ರದ ಮರಾಠಿ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿ ಶೈಲಜಾ ಮೆನನ್ ಮತ್ತು ಸಂಗಡಿಗರು 2017ರಲ್ಲಿ ಹೊರತಂದ ವರದಿಯೂ ಅರ್ಥದ ಕಡೆಗಿನ ಈ ಅಸಡ್ಡೆಯನ್ನೇ ಎತ್ತಿ ಹೇಳುತ್ತದೆ.

ಇನ್ನು ನಾನು ಮುಖ್ಯವೆಂದುಕೊಂಡ ವಿಷಯಕ್ಕೆ ಬರುತ್ತೇನೆ. ಪಾಠದಲ್ಲಿ ‘ಗದ್ದೆ’ ಎಂದಿದೆ, ಮೇಲೊಂದು ಚಿತ್ರವಿದೆ. ಒಂದು ಮಗು ‘ಹೊಲ’ ಎಂದು ಓದಿತು. ಇನ್ನೊಂದು ‘ಗದೆ’ ಎಂದಿತು. ನಮ್ಮ ಪ್ರಶಿಕ್ಷಣಾರ್ಥಿಗಳು ಎರಡಕ್ಕೂ ಕೆಂಪು ಅಡ್ಡಗೆರೆ ಎಳೆದರು. ಮೊದಲ ಮಗು ಬೆಳೆದದ್ದು ಜೋಳ, ತೊಗರಿಯ ಸೀಮೆಯಲ್ಲಿ. ಅದು ಚಿತ್ರ ನೋಡಿತು, ಅರ್ಥ ಹಿಡಿಯಿತು, ಅಕ್ಷರ ನೋಡಲಿಲ್ಲ. ಎರಡನೆಯದು ಅಕ್ಷರವನ್ನೇ ನೋಡಿತು, ಒತ್ತನ್ನು ಕಾಣಲಿಲ್ಲ, ಹೊಲದ ಚಿತ್ರದ ಕೆಳಗೆ ಭೀಮನ ಆಯುಧ ಯಾಕೆ ಬಂತೆಂದು ಅದಕ್ಕೆ ಅನುಮಾನವೂ ಬರಲಿಲ್ಲ. ಇಬ್ಬರಿಗೂ ಒಂದೇ ಪಾಠವನ್ನು ಹತ್ತು ಸಲ ಬರೆಸಿದರೆ ಯಾರಿಗೂ ಉಪಯೋಗವಿಲ್ಲ. ಮೈಸೂರು ಕಡೆಯ ಹಳ್ಳಿಯ ಹುಡುಗ ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿದರೆ ಅವನು ಸರಿಯಾಗಿಯೇ ಓದಿದ್ದಾನೆ, ಮನೆಯ ಉಚ್ಚಾರಣೆಯಲ್ಲಿ ಓದಿದ್ದಾನೆ ಅಷ್ಟೆ. ಅವನಿಗೆ ಉಕ್ತಲೇಖನದಲ್ಲಿ ಸಹಾಯ ಬೇಕಾಗುತ್ತದೆ, ಓದಿನಲ್ಲಲ್ಲ.

ನ್ಯೂಜಿಲೆಂಡಿನ ಮೇರಿ ಕ್ಲೇ, ಮಗು ಓದುವಾಗ ಶಿಕ್ಷಕರು ಪಕ್ಕದಲ್ಲಿ ಕೂತು ಪದಪದಕ್ಕೂ ಗುರುತು ಹಾಕಿಕೊಳ್ಳುವ ಕ್ರಮವೊಂದನ್ನು ರೂಪಿಸಿದರು. ಇಂಗ್ಲಿಷಿಗೆ ಮಾಡಿದ್ದನ್ನು ನಾವು ಅಕ್ಷರದ ಮಟ್ಟಕ್ಕೆ ಇಳಿಸಿಕೊಂಡೆವು. ಗುಣಿತ ತಪ್ಪಿತೇ, ಒತ್ತು ಬಿಟ್ಟಿತೇ, ‘ಮ’ ಹೋಗಿ ‘ವ’ ಆಯಿತೇ, ಎಲ್ಲಕ್ಕೂ ಬೇರೆಬೇರೆ ಗುರುತು. ‘ವರ... ಅಲ್ಲಲ್ಲ, ಮರ’ ಎಂದು ಮಗು ತಾನೇ ತಿದ್ದಿಕೊಂಡರೆ ಅದಕ್ಕೊಂದು ನಕ್ಷತ್ರ. ಕಷ್ಟವಿರುವುದು ಗುರುತು ಹಾಕುವುದರಲ್ಲಲ್ಲ, ಸುಮ್ಮನೆ ಕೂರುವುದರಲ್ಲಿ. ಮಗು ಅರೆಕ್ಷಣ ತಡೆದರೆ ಸಾಕು, ಪ್ರಶಿಕ್ಷಣಾರ್ಥಿಯ ಬಾಯಿಂದ ಸರಿಯುತ್ತರ ಜಾರಿಬಿಡುತ್ತದೆ. ಮೇಷ್ಟರಾಗುವುದೆಂದರೆ ಮಾತಾಡುವುದು ಎಂದೇ ನಾವೆಲ್ಲ ನೋಡಿ ಬೆಳೆದದ್ದು ತಾನೇ?

ನಮ್ಮ ಮೌಲ್ಯಮಾಪನವೂ ಇದಕ್ಕೆ ತಕ್ಕಂತೆಯೇ ಇದೆ. ನಾನು ಕಂಡಂತೆ ಪಾಠಯೋಜನೆಯ ಕಾಲಂ ತುಂಬಿದ್ದಕ್ಕೆ, ಮಿಂಚುಪಟ್ಟಿಯ ಅಂದಕ್ಕೆ ಅಂಕ ಸಿಗುತ್ತದೆ. ಮಗುವಿನ ಓದನ್ನು ಕೇಳಿಸಿಕೊಂಡದ್ದಕ್ಕೆ ಸಿಗುವುದು ಅಪರೂಪ. 2021ರಲ್ಲಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮ ಬಂದಮೇಲೆ, ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕೆಂಬ ಗುರಿ ಸೇರಿಕೊಂಡಿದೆ. ಅರ್ಥಸಹಿತ ಎಂದೂ ಅದರಲ್ಲಿದೆ, ಆದರೆ ಗಡಿಯಾರ ಅರ್ಥವನ್ನು ಅಳೆಯಲಾರದು. ಅಷ್ಟಕ್ಕೂ ಪದ ಎಣಿಸಿ ವೇಗ ಅಳೆಯುವುದಾದರೆ, ‘ಓದಿಕೊಳ್ಳುತ್ತಿದ್ದವರಿಗೆಲ್ಲ’ ಎಂಬಷ್ಟು ಉದ್ದದ್ದೂ ನಮ್ಮಲ್ಲಿ ಒಂದೇ ಪದ!

‘ಮೂವತ್ತು ಮಕ್ಕಳಿರುವಾಗ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳೋದು ಆಗೋ ಹೋಗೋ ಮಾತಾ ಸರ್?’ ನ್ಯಾಯವಾದ ಪ್ರಶ್ನೆ. ನಲಿ-ಕಲಿ ತರಗತಿಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಕೂರುತ್ತಾರೆ. ಸಹಪಾಠಿಗಳ ನೆರವಿನವು, ಸ್ವಕಲಿಕೆಯದು ತಮ್ಮಷ್ಟಕ್ಕೆ ನಡೆಯುತ್ತಿರುವಾಗ ಶಿಕ್ಷಕರು ಪೂರ್ತಿ ಇರಬೇಕಾದದ್ದು ಒಂದೇ ತಟ್ಟೆಯಲ್ಲಿ. ಅಲ್ಲಿ ದಿನಕ್ಕೆ ಇಬ್ಬರು ಮಕ್ಕಳು, ತಲಾ ಐದು ನಿಮಿಷ. ತಿಂಗಳು ತುಂಬುವುದರೊಳಗೆ ಇಡೀ ತರಗತಿ ಒಂದು ಸುತ್ತು ಮುಗಿದಿರುತ್ತದೆ. ಮುಂದಿನ ತಿಂಗಳು ಯಾರಿಗೆ ಒತ್ತಕ್ಷರ, ಯಾರಿಗೆ ಕಥೆ ಎಂಬುದು ಗುರುತು ಹಾಕಿಕೊಂಡ ಪುಸ್ತಕದಲ್ಲೇ ಬರೆದಿರುತ್ತದೆ.