ತಡವಾಗಿ ಆರುವ ದೀಪ



ಬ್ಯಾಂಕಿನ ಗುಮಾಸ್ತರಾದ ನಮಗೂ ರಸಾಯನಶಾಸ್ತ್ರಕ್ಕೂ ಏನು ನಂಟೆಂದು ತಾವು ಕೇಳಬಹುದು. ಆ ನಂಟು ನಮ್ಮ ಮನೆಯ ತೊಟ್ಟಿಲಿನಿಂದ ಬಂದುದು. ಮಗಳು ಹುಟ್ಟಿದ ಮೂರನೆಯ ದಿನ ದಾದಿಯೊಬ್ಬರು ಅವಳ ಎಳೆಯ ಹಿಮ್ಮಡಿಗೆ ಸೂಜಿ ಚುಚ್ಚಿ, ನಾಲ್ಕು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಇಳಿಸಿಕೊಂಡರು. ಮಗು ಕಿರಿಚಿತು, ನಾವು ಗದರಿದೆವು. ಗದರಿದ್ದು ತಪ್ಪೆಂದು ಆಮೇಲೆ ತಿಳಿಯಿತು. ಆ ತಪ್ಪೊಪ್ಪಿಗೆಯೇ ಈ ಭಾಷಣ.

ಕೊರಳಿನ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದ ಶಿಶುಗಳು ಕೆಲವು ಸಾವಿರಕ್ಕೆ ಒಂದರಂತೆ ಹುಟ್ಟುವುದುಂಟು. ನೋಡಲು ಅವು ಲಕ್ಷಣವಾಗಿಯೇ ಇರುವುವು. ಮೊದಲ ಎರಡು ವಾರಗಳಲ್ಲಿ ಕಂಡುಹಿಡಿದರೆ ದಿನಕ್ಕೊಂದು ಅಗ್ಗದ ಮಾತ್ರೆ ಸಾಕು. ತಿಂಗಳುಗಳು ಕಳೆದರೆ ಬುದ್ಧಿಯು ಶಾಶ್ವತವಾಗಿ ಕುಂದಬಹುದು. ಗ್ರಂಥಿ ಸೋತಾಗ ಮೆದುಳಿನ ತಳದ ಪಿಟ್ಯುಟರಿಯು ಟಿ.ಎಸ್.ಎಚ್. ಎಂಬ ರಸವನ್ನು ಹೆಚ್ಚಾಗಿ ಸುರಿಸುವುದು. ಒಣಗಿದ ಹನಿಯಲ್ಲಿ ಅಳೆಯಬೇಕಾದುದು ಅದನ್ನೇ.

ಇಷ್ಟು ಸೂಕ್ಷ್ಮ ವಸ್ತುವನ್ನು ಕಾಣುವುದೆಂತು? ಅದಕ್ಕೆ ಗುರುತು ಚೀಟಿ ಅಂಟಿಸಬೇಕು. 1950ರ ದಶಕದಲ್ಲಿ ಅಮೆರಿಕದ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ವಿಕಿರಣಶೀಲ ಅಯೊಡೀನನ್ನು ಚೀಟಿಯಾಗಿಸಿದರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂದಿತು. ಆದರೆ ಬಳಕೆಯ ಅಯೊಡೀನ್-125 ಸುಮಾರು 60 ದಿನಗಳಲ್ಲಿ ಅರ್ಧ ಸವೆಯುವುದು. ವಿಕಿರಣದ ಕಾವಲೂ ಬೇಕು.

ಹಾಗಾದರೆ ಬೆಳಕಿನ ಚೀಟಿ ಆಗದೆ? ನಾವು ಕೌಂಟರಿನಲ್ಲಿ ನೋಟನ್ನು ನೇರಳಾತೀತ ದೀಪದ ಕೆಳಗೆ ಹಿಡಿಯುತ್ತೇವೆ. ಅಂಕಿಗಳು, ಎಳೆಗಳು ಹೊಳೆಯುವುವು. ಕಾಗದವೆಲ್ಲ ಹೊಳೆದರೆ ಗುರುತು ಸಿಕ್ಕೀತೆ? ರಕ್ತದ ತೊಡಕು ಅದೇ. ಅದರಲ್ಲಿನ ಎಷ್ಟೋ ವಸ್ತುಗಳು, ಪ್ಲಾಸ್ಟಿಕ್ ಬಟ್ಟಲು ಸಹ, ತಾವೇ ಮಿನುಗುವುವು.

ಫಿನ್ಲೆಂಡಿನ ತುರ್ಕು ನಗರದ ಎರ್ಕಿ ಸೋಯಿನಿ, ಇಲ್ಕ ಹೆಮ್ಮಿಲ ಮೊದಲಾದವರು 1980ರ ದಶಕದ ಆರಂಭದಲ್ಲಿ ಇದಕ್ಕೆ ಯುರೋಪಿಯಂ ಎಂಬ ಲೋಹವನ್ನು ಬಳಸಿದರು. ಬಟ್ಟಲಿನ ತಳಕ್ಕೆ ಅಂಟಿಸಿದ ಒಂದು ಪ್ರತಿಕಾಯವು ಟಿ.ಎಸ್.ಎಚ್.ಅನ್ನು ಹಿಡಿದುಕೊಳ್ಳುವುದು, ಯುರೋಪಿಯಂ ಹೊತ್ತ ಇನ್ನೊಂದು ಅದರ ಮೇಲೆ ಕೂಡುವುದು. ಉಳಿದುದನ್ನು ತೊಳೆದು, ಲೋಹವನ್ನು ಬಿಡಿಸಿ, ಚೆನ್ನಾಗಿ ಬೆಳಗುವ ಸಂಯುಕ್ತವಾಗಿಸುವ ದ್ರವವನ್ನು ಹಾಕುವರು. ಅದರ ಮೇಲೆ ನೇರಳಾತೀತ ಮಿಂಚು ಹಾಯಿಸಿದರೆ ಕೆಂಪು ಬೆಳಕು ಬರುವುದು.

ಜಾಣ್ಮೆ ಇರುವುದು ಕಾಯುವುದರಲ್ಲಿ. ಇತರ ಮಿನುಗುಗಳು ಸೆಕೆಂಡಿನ ಕೋಟಿಯ ಒಂದೆರಡು ಭಾಗಗಳಲ್ಲೇ ಬಹುಪಾಲು ಆರುವುವು. ಯುರೋಪಿಯಂ ಮಾತ್ರ ಸುಮಾರು 700 ಮೈಕ್ರೊಸೆಕೆಂಡು ಬಾಳುವುದು. ಯಂತ್ರವು ಮಿಂಚಿನ ಬಳಿಕ 400 ಮೈಕ್ರೊಸೆಕೆಂಡು ಕಣ್ಣು ಮುಚ್ಚಿ, ಮುಂದಿನ 400ರಲ್ಲಿ ತೆರೆದು ಎಣಿಸುವುದು. ಸೆಕೆಂಡಿಗೆ ಸಾವಿರ ಸಲ ಹೀಗೆ. ಸಂತೆಯ ಗದ್ದಲ ಅಡಗಿದ ಮೇಲೆ ಕೊಳಲು ಕೇಳಿಸುವಂತೆ ಇದು.

ನಮ್ಮ ಮಗಳ ಲೆಕ್ಕ ಸರಿಯಾಗಿ ಬಂದಿತು. ನಮ್ಮ ಲೆಕ್ಕಪುಸ್ತಕದ ತಪ್ಪನ್ನು ಮರುದಿನ ತಿದ್ದಬಹುದು. ಶಿಶುವಿನ ಈ ಲೆಕ್ಕಕ್ಕೆ ಆ ಅವಕಾಶವಿಲ್ಲ. ನಮ್ಮ ದೇಶದಲ್ಲಿ ಈ ಪರೀಕ್ಷೆ ಇನ್ನೂ ಪ್ರತಿಯೊಂದು ಶಿಶುವಿಗೂ ದೊರೆಯುತ್ತಿಲ್ಲ. ಆದುದರಿಂದ ಸಂಘದ ಯಾವ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ, ಹೆಸರಿಡುವುದಕ್ಕೆ ಮುಂಚೆಯೇ ವೈದ್ಯರನ್ನು ಇದರ ಬಗ್ಗೆ ಕೇಳಬೇಕೆಂದು ಪ್ರಾರ್ಥಿಸುವೆವು. ದಾದಿ ಸೂಜಿ ತಂದಾಗ ಗದರಬೇಡಿ.