ಶಿಲ್ಪಿಯ ಕಣ್ಣೂ ಯಂತ್ರದ ಕೈಯೂ
(ಶ್ರೀಮಠದ ಮಹೋತ್ಸವದ ಅಂಗವಾಗಿ ಸಾದಲಿಯಲ್ಲಿ ಮಾಡಿದ ಉಪನ್ಯಾಸ)



ದೇವಾಲಯದ ಮುಂದೆ ನಿಂತು ಕೈಮುಗಿಯುವವರು ಅದನ್ನು ಕಟ್ಟಿಸಿದ ದೊರೆ ಯಾರೆಂದು ಕೇಳುವುದುಂಟು. ಕಟ್ಟಿದ ಶಿಲ್ಪಿ ಯಾರು, ಆತನು ಆ ವಿದ್ಯೆಯನ್ನು ಹೇಗೆ ಸಂಪಾದಿಸಿದನು, ಯಾವ ಉಪಕರಣದಿಂದ ಕೆಲಸವನ್ನು ಸಾಧಿಸಿದನು ಎಂದು ಕೇಳುವವರು ವಿರಳ. ಆದರೆ ಆ ಪ್ರಶ್ನೆಯು ಈಗ ಮನೆಯ ಬಾಗಿಲಿಗೇ ಬಂದು ನಿಂತಿದೆ. ರೇಷ್ಮೆಯನ್ನೂ ರಾಗಿಯನ್ನೂ ಬೆಳೆಯುವ ಮನೆತನಗಳ ಮಕ್ಕಳು ವಾಸ್ತುಶಿಲ್ಪವನ್ನು ಕಲಿಯಲು ಪಟ್ಟಣಗಳಿಗೆ ಹೊರಡುತ್ತಿದ್ದಾರೆ. “ನಕ್ಷೆಯನ್ನು ಗಣಕಯಂತ್ರವೇ ಬರೆಯುವುದಾದರೆ, ಐದು ವರ್ಷ ಓದಿದ ಮಗನಿಗೆ ಉಳಿಯುವ ಕೆಲಸವೇನು?” ಎಂದು ತಂದೆತಾಯಿಗಳು ಶಂಕಿಸುವುದು ಸಹಜವೇ ಆಗಿದೆ. ಈ ಶಂಕೆಗೆ ಸಮಾಧಾನವನ್ನು ದೂರದೇಶದಲ್ಲಿ ಹುಡುಕಬೇಕಾದುದಿಲ್ಲ.

ಉಪಕರಣಕ್ಕೂ ರೂಪಕ್ಕೂ ಇರುವ ಸಂಬಂಧವು ಹೊಸದಲ್ಲ. 12ನೆಯ ಶತಮಾನದಲ್ಲಿ ಬೇಲೂರು ಹಳೇಬೀಡುಗಳ ಶಿಲ್ಪಿಗಳಿಗೆ ದೊರೆತುದು ಮೃದುವಾದ ಬಳಪದ ಕಲ್ಲು. ಆದುದರಿಂದ ಅವರ ಉಳಿಯು ಬಳೆಯ ಗೆರೆಯನ್ನೂ ಎಲೆಯ ನರವನ್ನೂ ಬಿಡಿಸಬಲ್ಲುದಾಯಿತು. ನಂದಿಯ ಸೀಮೆಯಲ್ಲಿ ದೊರೆಯುವುದು ಗ್ರಾನೈಟ್ ಎಂಬ ಗಡಸು ಕಲ್ಲು. 9ನೆಯ ಶತಮಾನದಷ್ಟು ಹಿಂದೆಯೇ ಮೊದಲಾದ ಭೋಗನಂದೀಶ್ವರನ ಆಲಯವನ್ನು ನೋಡಿದವರಿಗೆ ಅದರ ಗೋಡೆಗಳ ಗಾಂಭೀರ್ಯವು ತಿಳಿಯದೆ ಇರದು. ಕಲ್ಲು ಉಳಿಗೆ ಮಿತಿಯನ್ನು ಹಾಕಿತು. ಶಿಲ್ಪಿಯು ಆ ಮಿತಿಯನ್ನೇ ಗುಣವಾಗಿ ಮಾಡಿದನು.

ಅದೇ ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜನಿಸಿದರು. ಅವರಿಗೆ ವಾಸ್ತುಶಿಲ್ಪಿಯೆಂಬ ಹೆಸರು ಸಲ್ಲದು, ಅವರು ಇಂಜಿನಿಯರರು, ಎಂದು ಯಾರಾದರೂ ಆಕ್ಷೇಪಿಸಬಹುದು. ದಿಟವೇ. ಆದರೆ ಇಲ್ಲದುದನ್ನು ಮನಸ್ಸಿನಲ್ಲಿ ಕಂಡು, ರೇಖೆಯಲ್ಲಿಳಿಸಿ, ಕಲ್ಲುಗಾರೆಗಳಲ್ಲಿ ನಿಲ್ಲಿಸುವ ಕಾರ್ಯವು ಇಬ್ಬರಿಗೂ ಸಮಾನವಾದುದು. ಸಂಸ್ಕೃತ ವಿದ್ವಾಂಸರಾದ ಶ್ರೀನಿವಾಸಶಾಸ್ತ್ರಿಗಳ ಮಗನು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ಚಿಕ್ಕಬಳ್ಳಾಪುರದಲ್ಲಿ ಅಕ್ಷರಾಭ್ಯಾಸವಾಯಿತು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಜೀವನ ಸಾಗಿಸುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿಯನ್ನು ಪಡೆದುದಾಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ವಿದ್ಯೆಯನ್ನು ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಇನ್ನು ಯಂತ್ರದ ವಿಚಾರ. ಕೆರೆಗೆ ಏರಿ, ತೂಬು, ಕೋಡಿ ಎಂಬ ಮೂರು ಅಂಗಗಳುಂಟೆಂದು ಈ ಸಭೆಯಲ್ಲಿ ವಿವರಿಸಬೇಕಾದುದಿಲ್ಲ. ಹಲವು ನದಿಗಳಿಗೆ ತವರಾಗಿಯೂ ವರ್ಷವಿಡೀ ಹರಿಯುವ ನದಿಯೊಂದನ್ನೂ ಕಾಣದ ನಾಡಿದು. ಇಲ್ಲಿ ಕೆರೆಯೇ ತಾಯಿ. ಕೆರೆ ಕೋಡಿ ಬಿದ್ದರೆ ಊರಿಗೆಲ್ಲ ಹಬ್ಬ. ಆದರೆ ಕೋಡಿಯಲ್ಲಿ ಹರಿದುಹೋದ ನೀರು ಬೇಸಗೆಗೆ ಒದಗುವುದಿಲ್ಲ. ಕೋಡಿಯನ್ನು ಎತ್ತರಿಸೋಣವೆಂದರೆ ಮಹಾಪೂರ ಬಂದಾಗ ಏರಿಯೇ ಒಡೆದೀತು. ತಗ್ಗಿಸಿದರೆ ನೀರು ನಿಲ್ಲದು. ಪುಣೆಯ ಸಮೀಪದ ಖಡಕವಾಸಲೆಯ ಜಲಾಶಯದಲ್ಲಿಯೂ ಈ ಇಕ್ಕಟ್ಟೇ ಇದ್ದಿತು. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಕಬ್ಬಿಣದ ಬಾಗಿಲುಗಳನ್ನು ಕಲ್ಪಿಸಿ ಅವಕ್ಕೆ ಎದುರುತೂಕಗಳನ್ನು ಜೋಡಿಸಿದರು. ನೀರು ನಿಶ್ಚಿತ ಮಟ್ಟವನ್ನು ಮೀರಿದೊಡನೆ ಆ ನೀರಿನಿಂದಲೇ ತೂಕದ ಸಮತೋಲವು ಬದಲಾಗಿ ಬಾಗಿಲು ತಾನಾಗಿ ತೆರೆಯುವುದು. ಪೂರವಿಳಿದೊಡನೆ ತಾನಾಗಿ ಮುಚ್ಚುವುದು. 1903ರಲ್ಲಿ ಇವನ್ನು ಸ್ಥಾಪಿಸಲಾಗಿ, ನೀರಿನ ಸಂಗ್ರಹಮಟ್ಟವು ಸುಮಾರು 8 ಅಡಿ ಏರಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಯಂತ್ರವು ಮೊದಲು ಹುಟ್ಟಲಿಲ್ಲ. ವ್ಯರ್ಥವಾಗುವ ನೀರನ್ನು ಕಂಡ ಕಣ್ಣು ಮೊದಲು ಹುಟ್ಟಿತು.

ಇಷ್ಟನ್ನು ಕೇಳಿ, ಹೊಸ ಯಂತ್ರವೇ ಸರ್ವಸಾಧನವೆಂದು ತಿಳಿಯುವವರಿಗೆ ಅವರ ಜೀವನದ ಮುಂದಣ ಭಾಗವು ಬೇರೊಂದು ಪಾಠವನ್ನು ಹೇಳುತ್ತದೆ. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾಗಿ ಬಂದ ಅವರು ಕನ್ನಂಬಾಡಿಯ ಅಣೆಕಟ್ಟನ್ನು ಯೋಜಿಸಿದರು. 1911ರಲ್ಲಿ ಕೆಲಸ ಮೊದಲಾಯಿತು. ಆಗ ಸಿಮೆಂಟು ಬಹುಪಾಲು ಹೊರದೇಶದಿಂದ ಬರತಕ್ಕ ಬೆಲೆಯುಳ್ಳ ಪದಾರ್ಥ. ಆದುದರಿಂದ ಸುಣ್ಣದೊಡನೆ ಇಟ್ಟಿಗೆಯ ಪುಡಿಯನ್ನು ಬೆರೆಸಿ ಮಾಡುವ ಸುರ್ಕಿ ಗಾರೆಯಿಂದಲೇ ಆ ಮಹಾಕಟ್ಟೆಯು ಎದ್ದಿತು. ಸುರ್ಕಿಯು ಹಿಂದಿನಿಂದ ನಡೆದುಬಂದ ವಿದ್ಯೆ. ಖಡಕವಾಸಲೆಯಲ್ಲಿ ಹಿಂದೆ ಇಲ್ಲದುದನ್ನು ನಿರ್ಮಿಸಿದ ಬುದ್ಧಿಯೇ ಕನ್ನಂಬಾಡಿಯಲ್ಲಿ ಹಳೆಯದನ್ನು ಆದರದಿಂದ ಕೈಗೆತ್ತಿಕೊಂಡಿತು. ಹೊಸದೆಂಬ ಕಾರಣಕ್ಕೆ ಕೊಂಡುದೂ ಇಲ್ಲ, ಹಳೆಯದೆಂಬ ಕಾರಣಕ್ಕೆ ಬಿಟ್ಟುದೂ ಇಲ್ಲ. ಆಯಾ ಸ್ಥಳಕ್ಕೆ ಯಾವುದು ತಕ್ಕುದೋ ಅದನ್ನು ಆರಿಸಿದರು. ವಿನ್ಯಾಸದಲ್ಲಿ ತಂತ್ರಜ್ಞಾನಕ್ಕಿರುವ ಸ್ಥಾನವು ಇದೇ ಆಗಿದೆ.

ಆದರೂ ಯಂತ್ರವಾಗಲಿ ಗಾರೆಯಾಗಲಿ ಹೊರಲಾರದ ಭಾರವೊಂದುಂಟು. ಕಟ್ಟೆಯು ಎದ್ದಾಗ ಹಳೆಯ ಕನ್ನಂಬಾಡಿ ಗ್ರಾಮವು ನೀರಿನಲ್ಲಿ ಮುಳುಗಿತು. ಮಂಡ್ಯದ ಒಣನೆಲವು ಹಸುರಾಯಿತೆಂಬುದು ಎಷ್ಟು ಸತ್ಯವೋ, ಒಲೆಯ ಕಲ್ಲನ್ನು ಬಿಟ್ಟು ಹೊರಟ ಮನೆತನಗಳ ದುಃಖವೂ ಅಷ್ಟೇ ಸತ್ಯ. ಅಳತೆಯನ್ನು ಉಪಕರಣವು ತಪ್ಪಿಲ್ಲದೆ ಹೇಳೀತು. ಯಾರ ಮನೆ ಮುಳುಗುವುದು, ಅವರಿಗೆ ಸಲ್ಲಬೇಕಾದುದೇನು ಎಂಬುದನ್ನು ಮನುಷ್ಯನೇ ಕೇಳಬೇಕು, ಮನುಷ್ಯನೇ ಉತ್ತರಿಸಬೇಕು.

ಇಂದಿನ ವಿದ್ಯಾರ್ಥಿಯ ಮಾರ್ಗವು ಹೀಗಿದೆ: ಐದು ವರ್ಷಗಳ ಪದವಿ, ಆ ಬಳಿಕ 1972ರ ಕಾಯಿದೆಯಂತೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿ. ನೋಂದಣಿಯಾದ ಮೇಲೆಯೇ ಆತನು ವಾಸ್ತುಶಿಲ್ಪಿಯೆಂದು ಕರೆದುಕೊಳ್ಳಬಹುದು. ಗಣಕಯಂತ್ರವು ನಿಮಿಷದಲ್ಲಿ ಹತ್ತು ನಕ್ಷೆಗಳನ್ನು ಬರೆದು ಕೊಡಬಹುದು. ಮನೆ ಏಳುವ ಮೊದಲೇ ಅದರ ನೆರಳನ್ನು ತೋರಿಸಬಹುದು. ತೊಲೆಯ ಭಾರವನ್ನು ಲೆಕ್ಕ ಹಾಕಬಹುದು. ಇವೆಲ್ಲ ಉಪಕಾರಗಳೇ, ತಿರಸ್ಕರಿಸತಕ್ಕವಲ್ಲ. ಆದರೆ ಕಾಯಿದೆಯು ಹೆಸರನ್ನು ಕೊಡುವುದು ಮನುಷ್ಯನಿಗೆ. ಗೋಡೆ ಬಿರಿದರೆ ಉತ್ತರ ಹೇಳತಕ್ಕವನೂ ಅವನೇ. ಹುಳುಸಾಕಣೆಯ ಮನೆಗೆ ಎಷ್ಟು ಗಾಳಿ ಬೇಕು, ಅಜ್ಜಿಯ ಮೊಣಕಾಲಿಗೆ ಎಷ್ಟೆತ್ತರದ ಮೆಟ್ಟಿಲು ಹಿತ ಎಂಬುದನ್ನು ಸಾದಲಿಯ ಬೀದಿಯಲ್ಲಿ ನಡೆದು, ಹಜಾರದಲ್ಲಿ ಕುಳಿತು, ವಿಚಾರಿಸಿದವನೇ ಬಲ್ಲನು.

ಆದುದರಿಂದ ತಂದೆತಾಯಿಗಳು ಮಕ್ಕಳನ್ನು ಅಂಜಿಕೆಯಿಲ್ಲದೆ ಕಳುಹಿಸಲಿ. ಮಕ್ಕಳು ಯಂತ್ರವನ್ನು ಚೆನ್ನಾಗಿ ಕಲಿಯಲಿ. ಊರಿಗೆ ಬಂದಾಗ ಒಮ್ಮೆ ಕೆರೆಯ ಏರಿಯ ಮೇಲೆ ನಡೆದು ಕೋಡಿಯನ್ನೂ ನೋಡಲಿ. ಯಂತ್ರವು ಕೈಯಾಗಬಲ್ಲುದು, ಕಣ್ಣಾಗಲಾರದು. ಕಣ್ಣನ್ನು ತೆರೆದಿಟ್ಟು ದುಡಿಯುವ ಶಿಲ್ಪಿಯ ವೃತ್ತಿಯು ಕಾಯಕವೆಂಬ ಹೆಸರಿಗೆ ಅರ್ಹವಾಗುವುದು.